ಸ್ಲಾವಿಯಾ 1.5 ಟಿಎಸ್‌ಐ ಮ್ಯಾನ್ಯುಯಲ್: ಮೂರು ವರ್ಷ ಓಡಿಸಿದ ಮೇಲೆ

ದಿನಾ ಮನೆಯಿಂದ ಆಫೀಸು, ಆಫೀಸಿನಿಂದ ಮನೆ, ಅದೂ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ. ನಿಮ್ಮ ಓಡಾಟ ಇಷ್ಟೇ ಆಗಿದ್ದರೆ ಈ ಇಂಜಿನ್ ತಗೋಬೇಡಿ. ಸುಮ್ನೆ ದುಡ್ಡು ದಂಡ. ಆಗಾಗ ಊರಿಗೆ ಹೋಗುವವರು, ಘಾಟಿ ಹತ್ತಿ ಇಳಿಯುವವರು, ಗೇರ್ ಹಾಕುವುದು ಬೇಜಾರು ಅನ್ನಿಸದವರು ಮುಂದೆ ಓದಿ.

ನನ್ನದು 2022ರ ಸ್ಕೋಡಾ ಸ್ಲಾವಿಯಾ, 1.5 ಟಿಎಸ್‌ಐ (ಅಂದರೆ 1.5 ಲೀಟರಿನ ಟರ್ಬೊ ಪೆಟ್ರೋಲ್ ಇಂಜಿನ್), 6 ಗೇರಿನ ಮ್ಯಾನ್ಯುಯಲ್. ಕುಶಾಕ್, ಟೈಗುನ್, ವರ್ಟಸ್ ಗಾಡಿಗಳಲ್ಲೂ ಇದೇ ಇಂಜಿನ್ ಸಿಗುತ್ತದೆ. ಹಾಗಾಗಿ ಇಲ್ಲಿ ಸೀಟು, ಸ್ಕ್ರೀನು, ಡಿಕ್ಕಿಯ ವಿಷಯ ಬರೆಯಲ್ಲ, ಬರೀ ಇಂಜಿನ್ ಮಾತು. 1498 ಸಿಸಿ, 4 ಸಿಲಿಂಡರ್, 150 ಪಿಎಸ್ ಪವರ್, 250 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. ಈ ಟಾರ್ಕ್ ಪೂರ್ತಿ ಸಿಗುವುದು 1600ರಿಂದ 3500 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ನಡುವೆ. ಕೊನೆಯ ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ. ಗಾಡಿಯ ಒಳ್ಳೆಯ ಗುಣ, ಕೆಟ್ಟ ಗುಣ ಎರಡೂ ಅಲ್ಲೇ ಇವೆ.

ನಮ್ಮೂರು ಪುತ್ತೂರಿನ ಕಡೆ. ವಾಪಸ್ ಬೆಂಗಳೂರಿಗೆ ಬರುವಾಗ ಗುಂಡ್ಯ ದಾಟಿದ ಮೇಲೆ ಶಿರಾಡಿಯ ಏರು. ಎದುರಿಗೆ ಮಂಗಳೂರಿನಿಂದ ತುಂಬಿಕೊಂಡು ಬಂದ ಗ್ಯಾಸ್ ಬುಲೆಟ್ ಟ್ಯಾಂಕರ್, ಅದರ ಮುಂದೆ ಇನ್ನೊಂದು. ಎರಡೂ ನಿಧಾನಕ್ಕೆ ತೆವಳುತ್ತಿರುತ್ತವೆ. ನಾನು ಎರಡನೇ ಗೇರಿನಲ್ಲಿ, 2000 ಆರ್‌ಪಿಎಂ ಹತ್ತಿರ ಇಟ್ಟುಕೊಂಡು ಹಿಂದೆ ಕಾಯುತ್ತೇನೆ. ತಿರುವು ಮುಗಿದು ರಸ್ತೆ ಕಂಡ ತಕ್ಷಣ ಆಕ್ಸಿಲರೇಟರ್ ಒತ್ತಿದರೆ ಸಾಕು. ನಾಲ್ಕು ಜನ, ಡಿಕ್ಕಿ ತುಂಬಾ ಹಲಸಿನಕಾಯಿ, ತೆಂಗಿನಕಾಯಿ, ಎಸಿ ಆನ್. ಆದರೂ ಗಾಡಿ ತಿಣುಕುವುದಿಲ್ಲ. ಎರಡೂ ಟ್ಯಾಂಕರ್ ಹಿಂದೆ ಬಿಟ್ಟು ಮೂರನೇ ಗೇರಿಗೆ ಹಾಕುವಾಗ ಎದುರಿನ ತಿರುವಿಗೆ ಇನ್ನೂ ಜಾಗ ಉಳಿದಿರುತ್ತದೆ. ನನ್ನ ಹಳೇ 1.2 ಪೆಟ್ರೋಲ್ ಗಾಡಿಯಲ್ಲಿ ಇಂಥ ಕಡೆ ಎಸಿ ಆಫ್ ಮಾಡಿ, ಉಸಿರು ಬಿಗಿಹಿಡಿದು ನುಗ್ಗಬೇಕಿತ್ತು.

ಭಾವನ ಹತ್ತಿರ ಇದೇ ಗಾಡಿಯ 1.0 ಟಿಎಸ್‌ಐ ಇದೆ. 3 ಸಿಲಿಂಡರ್, 115 ಪಿಎಸ್, 178 ನ್ಯೂಟನ್ ಮೀಟರ್, 6 ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. ನಾವು ಗಾಡಿ ಅದಲು ಬದಲು ಮಾಡಿಕೊಂಡು ಓಡಿಸಿದ್ದೇವೆ. ಊರೊಳಗೆ ಅವರದೇ ವಾಸಿ, ಅದರಲ್ಲಿ ಅನುಮಾನವಿಲ್ಲ. ಹೈವೇಯಲ್ಲೂ ನೂರರವರೆಗೆ ದೊಡ್ಡ ವ್ಯತ್ಯಾಸ ಗೊತ್ತಾಗಲ್ಲ. ಆದರೆ ಗಾಡಿ ತುಂಬಿದಾಗ, ಏರಿನಲ್ಲಿ, ಓವರ್‌ಟೇಕ್ ಮಾಡುವಾಗ ಗೊತ್ತಾಗುತ್ತದೆ. ಇನ್ನೊಂದು ವ್ಯತ್ಯಾಸ ಸಿಗ್ನಲ್‌ನಲ್ಲಿ ನಿಂತಾಗ. ಅವರ ಗಾಡಿಯಲ್ಲಿ ಸೀಟಿನ ಕೆಳಗೆ ಸಣ್ಣಗೆ ನಡುಕ ಇರುತ್ತದೆ, ಮೂರು ಸಿಲಿಂಡರಿನ ಸ್ವಭಾವ ಅದು. ನನ್ನದರಲ್ಲಿ ಇಂಜಿನ್ ಆನ್ ಇದೆಯೋ ಇಲ್ಲವೋ ಅಂತ ಮೀಟರ್ ನೋಡಬೇಕು. ಭಾವ ಮಾತ್ರ ನನ್ನ ಗಾಡಿ ಓಡಿಸಿ ಇಳಿದಾಗಲೆಲ್ಲ ಹೇಳುವುದು ಒಂದೇ ಮಾತು: "ಗಾಡಿ ಚೆನ್ನಾಗಿದೆ ಮಾರಾಯ, ಕಾಲು ನೋವು ನಿನಗಿರಲಿ."

ಅವರ ಮಾತು ಸುಳ್ಳಲ್ಲ. 1600ರ ಕೆಳಗೆ ಈ ಇಂಜಿನ್‌ಗೆ ಜೀವ ಕಡಿಮೆ. ಹಂಪ್ ದಾಟಿ ಎರಡನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿ ನೋಡಿ. ಒಂದು ಕ್ಷಣ ಏನೂ ಆಗಲ್ಲ. ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಚುರುಕಾದ ಕೂಡಲೇ ಒಮ್ಮೆಲೇ ಮುಂದೆ ನೂಕುತ್ತದೆ, ಅಷ್ಟರಲ್ಲಿ ಎದುರಿಗೊಂದು ಆಟೋ ಬಂದು ನಿಂತಿರುತ್ತದೆ. ಸಿಲ್ಕ್ ಬೋರ್ಡ್ ಕಡೆ ಸಂಜೆ ಹೊತ್ತು ಹೋದರೆ ಹಾಫ್ ಕ್ಲಚ್ಚಿನಲ್ಲೇ ಅರ್ಧ ಗಂಟೆ. ಯುರೋಪಿನಲ್ಲಿ ಈ ಇಂಜಿನ್ ಇರುವ ಮ್ಯಾನ್ಯುಯಲ್ ಗಾಡಿಗಳು ತಣ್ಣಗಿದ್ದಾಗ ಹೊರಡುವಲ್ಲಿ ಜಗ್ಗಾಡುತ್ತವೆ ಅಂತ ದೊಡ್ಡ ಗಲಾಟೆಯೇ ಆಗಿತ್ತು, ಆಮೇಲೆ ಕಂಪನಿ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟಿತು. ನನ್ನ ಗಾಡಿಯಲ್ಲಿ ಆ ತರಹದ ಜಗ್ಗಾಟ ಇಲ್ಲ. ಇರುವುದು ಆಗ ಹೇಳಿದ ಆ ಒಂದು ಕ್ಷಣದ ತಡ, ಟರ್ಬೊ ಲ್ಯಾಗ್, ಅಷ್ಟೇ.

ಹಾಗಾದರೆ ಇದೇ ಇಂಜಿನ್‌ನ ಆಟೋಮ್ಯಾಟಿಕ್, ಅಂದರೆ ಡಿಎಸ್‌ಜಿ, ತಗೋಬಹುದಲ್ವಾ? ತಗೋಬಹುದು. ಓಡಿಸಲು ಬಹಳ ಮಜಾ, ಗೇರ್ ಬದಲಾದದ್ದೇ ಗೊತ್ತಾಗಲ್ಲ. ಆದರೆ ಒಂದು ಲೆಕ್ಕ ತಿಳಿದಿರಲಿ. ಇದಕ್ಕೆ ಕೊಟ್ಟಿರುವುದು ಡಿಕ್ಯೂ200 ಅನ್ನುವ 7 ಗೇರಿನ ಡ್ರೈ ಕ್ಲಚ್ ಗೇರ್‌ಬಾಕ್ಸ್. ಅದು ತಡೆಯುವ ಟಾರ್ಕ್‌ನ ಮಿತಿಯೇ 250 ನ್ಯೂಟನ್ ಮೀಟರ್. ಇಂಜಿನ್ ಕೊಡುವುದೂ ಅಷ್ಟೇ. ಕ್ಲಚ್ ಎಣ್ಣೆಯಲ್ಲಿ ಮುಳುಗಿಲ್ಲದ ಕಾರಣ ಇಂಚಿಂಚು ಮುಂದೆ ಹೋಗುವ ಟ್ರಾಫಿಕ್ಕಿನಲ್ಲಿ ಬಿಸಿ ಜಾಸ್ತಿ. ಡಿಎಸ್‌ಜಿ ತಗೊಂಡವರಿಗೆ ನನ್ನ ಸಲಹೆ ಇಷ್ಟೇ: ಬ್ರೇಕ್ ಬಿಟ್ಟು ಬಿಟ್ಟು ತೆವಳಿಸಬೇಡಿ. ಮುಂದಿನ ಗಾಡಿ ಒಂದಿಷ್ಟು ದೂರ ಹೋಗಲಿ, ಆಮೇಲೆ ಹೊರಡಿ. ಹಿಂದಿನವನು ಹಾರ್ನ್ ಹೊಡೀತಾನೆ, ಹೊಡೆಯಲಿ. ಮತ್ತೆ ವಾರಂಟಿ ಮುಗಿಯುವ ಮುಂಚೆ ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿಕೊಳ್ಳಿ.

ಇನ್ನು ಎಲ್ಲರೂ ಕೇಳುವ ಎರಡು ಸಿಲಿಂಡರ್ ಕಥೆ. ಇಂಜಿನ್ ಮೇಲೆ ಭಾರ ಕಡಿಮೆ ಇದ್ದಾಗ 2 ಮತ್ತು 3ನೇ ಸಿಲಿಂಡರ್ ತಾವಾಗಿಯೇ ಬಂದ್ ಆಗುತ್ತವೆ. ವಾಲ್ವ್ ತೆರೆಯಿಸುವ ಕ್ಯಾಮ್‌ಶಾಫ್ಟ್ ಮೇಲಿನ ಕೊಳವೆಯಂಥ ಭಾಗ ಪಕ್ಕಕ್ಕೆ ಸರಿದು ಆ ಸಿಲಿಂಡರುಗಳ ವಾಲ್ವ್ ಮುಚ್ಚಿಕೊಂಡೇ ಇರುತ್ತವೆ, ಪೆಟ್ರೋಲ್ ಹೋಗುವುದಿಲ್ಲ, ಕಿಡಿಯೂ ಇಲ್ಲ. ಉಳಿದ ಎರಡು ಗಾಡಿ ಎಳೆಯುತ್ತವೆ. ಹಿರಿಯೂರು–ಚಿತ್ರದುರ್ಗದ ಸಪಾಟು ರಸ್ತೆಯಲ್ಲಿ 80–90ರಲ್ಲಿ ಒಂದೇ ಸಮ ಹೋಗುವಾಗ ಇದು ಕೆಲಸ ಮಾಡುವುದು ಮೀಟರ್‌ನಲ್ಲಿ ಕಾಣುತ್ತದೆ. ಕಾಲಿಗೆ, ಕಿವಿಗೆ ಗೊತ್ತಾಗುವುದೇ ಇಲ್ಲ. ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ನಾಲ್ಕೂ ವಾಪಸ್. ಬಹಳ ಜಾಣ ಕೆಲಸ, ಒಪ್ಪಿದೆ. ಆದರೆ ಘಾಟಿಯ ಏರಿನಲ್ಲಿ ಇದರಿಂದ ಪ್ರಯೋಜನ ಸೊನ್ನೆ, ಸಿಟಿಯಲ್ಲೂ ಹೆಚ್ಚುಕಮ್ಮಿ ಅದೇ. ಇದನ್ನೇ ನೋಡಿ 1.5 ಬುಕ್ ಮಾಡಬೇಡಿ.

ಮೈಲೇಜ್? ದಾವಣಗೆರೆಗೆ ನಿಧಾನಕ್ಕೆ ಹೋದರೆ ಲೀಟರಿಗೆ 18, ಒಮ್ಮೊಮ್ಮೆ 19. ಬೆಂಗಳೂರಿನೊಳಗೆ 10, ಮಳೆಗಾಲದ ಸಂಜೆ 9. ಘಾಟಿಯಲ್ಲಿ ಹುಮ್ಮಸ್ಸಿನಿಂದ ಓಡಿಸಿದರೆ ಮೀಟರ್ ನೋಡದಿರುವುದೇ ಒಳ್ಳೆಯದು. ಈಗ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲಿನ ಪಾಲೂ ಇದರಲ್ಲಿದೆ. ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಭಾಗ. ಹಾಗಾಗಿ ನೂರರಲ್ಲಿ ಇಪ್ಪತ್ತು ಎಥನಾಲ್ ಬೆರೆಸಿದರೆ ಒಟ್ಟು ಶಕ್ತಿ 6–7 ಶೇಕಡ ಇಳಿಯಲೇಬೇಕು. ಎಥನಾಲ್‌ನ ಆಕ್ಟೇನ್ (ಹೊತ್ತಿಗೆ ಮುಂಚೆ ತಾನೇ ಹೊತ್ತಿಕೊಳ್ಳದ ಗುಣ) ಜಾಸ್ತಿ, ಟರ್ಬೊ ಇಂಜಿನ್‌ಗೆ ಅದು ಒಳ್ಳೆಯದೇ. ಆದರೆ ಲೀಟರಿನ ರೇಟ್ ಮಾತ್ರ ಇಳಿದಿಲ್ಲವಲ್ಲ!

ಘಾಟಿ ಹತ್ತಿ ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದ ಮೇಲೂ ಬಾನೆಟ್ ಒಳಗಿಂದ ಗುಯ್ ಅಂತ ಸದ್ದು ಬರುತ್ತಿರುತ್ತದೆ. ಮೊದಲ ಸಲ ಹೋಟೆಲಿನವರೇ ಬಂದು "ಸಾರ್, ಗಾಡಿ ಆಫ್ ಆಗಿಲ್ಲ" ಅಂದರು. ಗಾಬರಿ ಬೇಡ. ಟರ್ಬೊ ಮತ್ತು ಅದರ ಗಾಳಿ ತಣ್ಣಗಾಗಿಸುವ ಇಂಟರ್‌ಕೂಲರ್‌ಗೆ ನೀರು ಹರಿಸಲು ಬೇರೆಯೇ ಕರೆಂಟ್ ಪಂಪ್ ಇದೆ. ಬಿಸಿ ಇಳಿಯುವ ತನಕ ಅದು, ಅದರ ಜೊತೆ ಫ್ಯಾನು, ತಿರುಗುತ್ತವೆ.

ಖರ್ಚಿನ ವಿಷಯ. ಸರ್ವಿಸ್ 15,000 ಕಿಲೋಮೀಟರ್ ಅಥವಾ ವರ್ಷಕ್ಕೊಮ್ಮೆ. ನಾನು ಆಯಿಲ್ ಮಾತ್ರ ಅದಕ್ಕೂ ಮುಂಚೆಯೇ ಬದಲಿಸುತ್ತೇನೆ. ಟರ್ಬೊ ಬದುಕುವುದು ಆಯಿಲ್ ಮೇಲೆ. ಸರ್ವಿಸ್ ಸೆಂಟರ್ ಒಂದರಲ್ಲಿ ಕೇಳದೆಯೇ ಡೀಕಾರ್ಬನ್, ಫ್ಯುಯೆಲ್ ಅಡಿಟಿವ್, ಅದೂ ಇದೂ ಅಂತ ಬಿಲ್ಲಿಗೆ ಸೇರಿಸಿದ್ದರು. ಜಾಬ್ ಕಾರ್ಡ್ ಸಹಿ ಮಾಡುವ ಮುಂಚೆ ಓದಿ, ಬೇಡದ್ದನ್ನು ಹೊಡೆದು ಹಾಕಿಸಿ. ಡೈರೆಕ್ಟ್ ಇಂಜೆಕ್ಷನ್ ಆದ್ದರಿಂದ ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುತ್ತದೆ, ಇನ್‌ಟೇಕ್ ವಾಲ್ವ್ ತೊಳೆಯುವುದಿಲ್ಲ. ಅಲ್ಲಿ ಮಸಿ ಕೂರುವ ಸಾಧ್ಯತೆ ಇದೆ. ಆದರೆ ಟ್ಯಾಂಕಿಗೆ ಸುರಿಯುವ ಬಾಟಲಿ ಆ ವಾಲ್ವ್ ತಲುಪುವುದೇ ಇಲ್ಲ, ಯೋಚಿಸಿ.

ಟೈಮಿಂಗ್ ಚೈನ್ (ಕ್ಯಾಮ್‌ಶಾಫ್ಟ್ ತಿರುಗಿಸುವ ಸರಪಳಿ) ಕೈಕೊಡುತ್ತದೆ ಅನ್ನುವ ಭಯ ಇನ್ನೂ ಕೆಲವರಿಗಿದೆ. ಅದು ಇದಕ್ಕೂ ಹಿಂದಿನ ಇಎ111 ಅನ್ನುವ ಇಂಜಿನ್ ಕುಟುಂಬದ ಮಾತು. ಇದು ಇಎ211, ಇದರಲ್ಲಿ ಬೆಲ್ಟ್. ಹಳೇ ಆಕ್ಟೇವಿಯಾದ 1.4 ಟಿಎಸ್‌ಐ ಕೂಡ ಇದೇ ಕುಟುಂಬ. ಸಿಲಿಂಡರಿನ ಅಗಲ ಅದೇ 74.5 ಮಿಲಿಮೀಟರ್ ಇಟ್ಟು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 80ರಿಂದ 85.9ಕ್ಕೆ ಏರಿಸಿ 1.5 ಮಾಡಿದರು. ಯುರೋಪಿನಲ್ಲಿ ಇದರದೇ 130 ಪಿಎಸ್ ಆವೃತ್ತಿಯೂ ಬಂತು. ಅದಕ್ಕೆ ಡೀಸೆಲ್ ಗಾಡಿಗಳಂತೆ ರೆಕ್ಕೆ ತಿರುಗಿಸುವ ವೇರಿಯಬಲ್ ಟರ್ಬೊ. ಕೆಳ ಆರ್‌ಪಿಎಂನಲ್ಲೂ ಬೇಗ ಗಾಳಿ ತುಂಬುವ ಏರ್ಪಾಡು ಅದು. ನಮ್ಮ ಟ್ರಾಫಿಕ್ಕಿಗೆ ಬೇಕಾದದ್ದು ಅದೇ ಅಂತ ನನಗನ್ನಿಸುತ್ತದೆ.

ಟೆಸ್ಟ್ ಡ್ರೈವ್‌ಗೆ ಹೋದರೆ ಶೋರೂಮಿನವರು ಖಾಲಿ ರಿಂಗ್ ರೋಡಿನಲ್ಲಿ ಕಾಲೊತ್ತಿಸಿ ಖುಷಿಪಡಿಸುತ್ತಾರೆ. ಅದನ್ನು ಆಮೇಲೆ ಮಾಡಿ. ಮೊದಲು ಮನೆಯವರನ್ನೆಲ್ಲ ಕೂರಿಸಿ, ಎಸಿ ಹಾಕಿ, ಸಂಜೆ ಆರೂವರೆಗೆ ನಿಮ್ಮದೇ ಆಫೀಸ್ ರಸ್ತೆಯಲ್ಲಿ ಒಂದು ಸುತ್ತು ಹೊಡೆಯಿರಿ. ಎಡಗಾಲು ಬೈದರೆ 1.0 ಆಟೋಮ್ಯಾಟಿಕ್‌ನ ಕೀ ಕೇಳಿ.