‘ಎಕ್ಸ್‌ಟ್ರಾ ಟಿಕೆಟ್ ಇದೆ’ ಅನ್ನುವವರಿಗೆ ದುಡ್ಡು ಹಾಕುವ ಮುಂಚೆ ಇದನ್ನು ಓದಿ

ತುಮಕೂರಿನವರಿಗೆ, ಅದರಲ್ಲೂ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಯಾವುದೋ ದೊಡ್ಡ ಗಾಯಕನ ವರ್ಲ್ಡ್ ಟೂರ್ ಬೆಂಗಳೂರಿಗೆ ಬರುತ್ತೆ ಅಂದ ತಕ್ಷಣ ಇನ್‌ಸ್ಟಾಗ್ರಾಂನಲ್ಲಿ, ವಾಟ್ಸಾಪ್ ಗ್ರೂಪುಗಳಲ್ಲಿ ‘ನನ್ನ ಹತ್ರ ಎರಡು ಎಕ್ಸ್‌ಟ್ರಾ ಇದೆ, ನಂಗೆ ಹೋಗೋಕಾಗ್ತಿಲ್ಲ’ ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಅವರಲ್ಲಿ ನಿಜವಾಗಿ ಹೋಗಲಾಗದವರೂ ಇರುತ್ತಾರೆ. ನಮಗೆ ಸಿಕ್ಕವನು ಅಂಥವನಲ್ಲ. ₹16,000 ಹೋಯಿತು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆ. ಮೋಸ ಆಗಿದೆ ಅಂತ ಗೊತ್ತಾಗಿದ್ದು ದುಡ್ಡು ಕೊಟ್ಟು ಎಷ್ಟೋ ವಾರ ಆದಮೇಲೆ, ಶೋ ನಡೆಯುವ ಜಾಗದ ಗೇಟಿನ ಮುಂದೆ.

ನಾವು ಟಿಕೆಟ್ ತಗೊಂಡಿದ್ದು ಎಡ್ ಶೀರನ್ ಶೋಗೆ. ಅವನು ಯಾರು ಅಂತ ಕೇಳುವ ದೊಡ್ಡವರಿಗೆ ಒಂದು ಮಾತು. ಇಂಗ್ಲೆಂಡಿನವನು, ಕೆಂಪು ಕೂದಲು, ಕೈಯಲ್ಲೊಂದು ಗಿಟಾರ್. ಕಾಲ ಕೆಳಗೊಂದು ಲೂಪ್ ಯಂತ್ರ ಇಟ್ಟುಕೊಂಡು, ತಾನೇ ಬಾರಿಸಿದ್ದನ್ನು ರೆಕಾರ್ಡ್ ಮಾಡಿ, ಅದನ್ನೇ ತಿರುಗಿಸುತ್ತಾ ಒಬ್ಬನೇ ಇಡೀ ಮೈದಾನಕ್ಕೆ ಹಾಡುತ್ತಾನೆ. ಆಲ್ಬಂಗಳಿಗೆ ಲೆಕ್ಕದ ಚಿಹ್ನೆಗಳನ್ನೇ ಹೆಸರಿಟ್ಟಿದ್ದ. 2011ರಲ್ಲಿ ಕೂಡುವ ಚಿಹ್ನೆ, 2014ರಲ್ಲಿ ಗುಣಾಕಾರ, 2017ರಲ್ಲಿ ಭಾಗಾಕಾರ, 2021ರಲ್ಲಿ ಸಮ, 2023ರಲ್ಲಿ ಕಳೆಯುವ ಚಿಹ್ನೆ. ಈ ಚಿಹ್ನೆಗಳ ಹೆಸರಿನಲ್ಲೇ ಹೊರಟಿದ್ದು ‘ಮ್ಯಾಥಮ್ಯಾಟಿಕ್ಸ್’ ಟೂರ್. 2022ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಿಂದ ಶುರುವಾಗಿ, ದೇಶ ದೇಶ ಸುತ್ತಿ 2025ರ ಜನವರಿ ಕೊನೆಗೆ ಪುಣೆಗೆ ಬಂತು. ಅಲ್ಲಿಂದ ಹೈದರಾಬಾದ್, ಚೆನ್ನೈ, ಆಮೇಲೆ ಬೆಂಗಳೂರು. ಅದೂ ಎಲ್ಲಿ? ಮಾದಾವರದ ನೈಸ್ ಮೈದಾನದಲ್ಲಿ! ತುಮಕೂರಿನವರಿಗೆ ಅದು ಬೆಂಗಳೂರೇ ಅಲ್ಲ, ನಮ್ಮ ರಸ್ತೆಯಲ್ಲೇ ನೆಲಮಂಗಲ ದಾಟಿದರೆ ಸಿಗುವ ಜಾಗ. ಹಾಗಾಗಿ ನಮ್ಮ ಕಡೆ ಹುಡುಗರಿಗೆ ಆಸೆ ಇನ್ನೂ ಜಾಸ್ತಿ ಆಯಿತು. ಮುಂಬೈಗೆ ಹೋಗ್ತೀನಿ ಅಂದರೆ ಮನೆಯಲ್ಲಿ ಬೈಯುತ್ತಿದ್ದರು. ಮಾದಾವರಕ್ಕೆ ಯಾರು ಬೇಡ ಅಂತಾರೆ?

ನನ್ನ ಅಕ್ಕನ ಮಗಳು ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಾಳೆ. 2024ರ ಡಿಸೆಂಬರ್‌ನಲ್ಲಿ ಟಿಕೆಟ್ ಬಿಟ್ಟಾಗ ಅವಳು, ಅವಳ ಗೆಳತಿ ಇಬ್ಬರೂ ಆನ್‌ಲೈನ್ ಸಾಲಿನಲ್ಲಿ ಕಾದರು. ಸಿಗಲಿಲ್ಲ. ಫೆಬ್ರವರಿ 8ರ ಶೋ ತುಂಬಿಹೋಯಿತು. ಅವತ್ತೇ ಹಾಸ್ಟೆಲ್ ಗ್ರೂಪಿನಲ್ಲಿ ಯಾರೋ ಒಂದು ಇನ್‌ಸ್ಟಾಗ್ರಾಂ ಪೇಜು ಹಾಕಿದ್ದರು. ‘ಮಾಮ, ಬರೀ ಎರಡೇ ಉಳಿದಿದೆಯಂತೆ, ಈಗ್ಲೇ ಹೇಳ್ಬೇಕಂತೆ’ ಅಂತ ನನಗೆ ಫೋನು.

ಆ ಪೇಜು ನೋಡಿದರೆ ಯಾರಿಗೂ ಅನುಮಾನ ಬರುವ ಹಾಗಿರಲಿಲ್ಲ. ಹಳೇ ಪೋಸ್ಟುಗಳಿದ್ದವು, ಟಿಕೆಟ್ ತಗೊಂಡವರು ‘ಥ್ಯಾಂಕ್ಯೂ ಬ್ರೋ’ ಅಂದ ಸ್ಕ್ರೀನ್‌ಶಾಟುಗಳಿದ್ದವು. ಕೇಳಿದ ಕೂಡಲೇ ಬುಕಿಂಗ್ ಪುಟವನ್ನು ಮೇಲೆ ಕೆಳಗೆ ಸರಿಸಿ ತೋರಿಸುವ ವಿಡಿಯೊ ಕಳಿಸಿದ. ಫೋನಿನಲ್ಲಿ ನನ್ನ ಜೊತೆ ಮಾತಾಡಿದ್ದು ನಮ್ಮ ಕಡೆಯ ಕನ್ನಡದಲ್ಲೇ. ‘ನಾನೂ ಗುಬ್ಬಿ ಕಡೆಯವನೇ ಅಣ್ಣಾ, ಊರಿನವರಿಗೆ ಮೋಸ ಮಾಡ್ತೀನಾ?’ ಅಂದ. ₹20,000 ಹೇಳಿ ₹16,000ಕ್ಕೆ ಇಳಿದ. ಚೌಕಾಸಿಗೆ ಬಗ್ಗುವವನು ಕಳ್ಳ ಅಂತ ಯಾರಿಗನ್ನಿಸುತ್ತೆ? ದುಡ್ಡು ಹಾಕುವಾಗ ಫೋನಿನಲ್ಲಿ ಬಂದಿದ್ದು ಯಾವುದೋ ಹೆಂಗಸಿನ ಹೆಸರು. ‘ಅದು ನಮ್ಮತ್ತಿಗೆ ಅಕೌಂಟು, ನಂದು ಲಿಮಿಟ್ ಮುಗಿದಿದೆ’ ಅಂದ. ಈ ಒಂದು ಸಾಲನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಮೋಸ ಹೋದ ಬೇರೆಯವರ ಹತ್ತಿರ ಮಾತಾಡಿದಾಗ ಎಲ್ಲರಿಗೂ ಇದೇ ಕಥೆ ಹೇಳಿದ್ದ. ಒಬ್ಬರಿಗೆ ಅತ್ತಿಗೆ, ಇನ್ನೊಬ್ಬರಿಗೆ ರೂಮ್‌ಮೇಟು.

ಇಲ್ಲೊಂದು ವಿಷಯ ಹೇಳಲೇಬೇಕು. ಮೊದಲ ಶೋ ತುಂಬಿದ ಮೇಲೆ 9ನೇ ತಾರೀಖಿಗೆ ಇನ್ನೊಂದು ಶೋ ಸೇರಿಸಿದರು. ಇದು ದೊಡ್ಡ ಟೂರುಗಳಲ್ಲಿ ಆಗುತ್ತಲೇ ಇರುತ್ತೆ. ಕೋಲ್ಡ್‌ಪ್ಲೇ ಅನ್ನುವ ಇಂಗ್ಲೆಂಡಿನ ಬ್ಯಾಂಡ್ ನೆನಪಿದೆಯಲ್ಲ? ‘ಮ್ಯೂಸಿಕ್ ಆಫ್ ದಿ ಸ್ಫಿಯರ್ಸ್’ ಆಲ್ಬಂ ಹೆಸರಿನ ಟೂರು. 2024ರ ಸೆಪ್ಟೆಂಬರ್ 22ರಂದು ಟಿಕೆಟ್ ಬಿಟ್ಟಾಗ ನವಿ ಮುಂಬೈಗೆ ಜನವರಿ 18, 19 ಎರಡೇ ದಿನ ಅಂದಿದ್ದರು. ಅವತ್ತೇ 21 ಸೇರಿತು. ನವೆಂಬರ್‌ನಲ್ಲಿ ಅಹಮದಾಬಾದ್ ಸೇರಿತು, ಲಕ್ಷಕ್ಕೂ ಹೆಚ್ಚು ಜನ ಹಿಡಿಯುವ ಸ್ಟೇಡಿಯಂ. ಅಲ್ಲೂ 25 ಸಾಲದೆ 26 ಸೇರಿಸಿದರು. ಅದೂ ಸಾಲದು ಅಂತ ಸುಮಾರು ₹2,000ದ ಅಗ್ಗದ ಟಿಕೆಟ್‌ಗಳನ್ನೂ ಕೊನೆಗೆ ಬಿಟ್ಟರು. ಆದರೆ ಸೆಪ್ಟೆಂಬರ್‌ನಲ್ಲೇ ಹೆದರಿ ಬ್ಲ್ಯಾಕ್‌ನಲ್ಲಿ ತಗೊಂಡವರು ಎಷ್ಟು ಸುರಿದರೋ! ₹2,500ರಿಂದ ₹35,000ದವರೆಗಿನ ಟಿಕೆಟ್‌ಗಳಿಗೆ ಲಕ್ಷಗಟ್ಟಲೆ ಕೇಳುತ್ತಿದ್ದರು. ಆ ಅಕ್ಟೋಬರ್‌ನಲ್ಲಿ ಇ.ಡಿ.ಯವರು ದೆಹಲಿ, ಮುಂಬೈ, ಜೈಪುರ, ಚಂಡೀಗಢ, ಬೆಂಗಳೂರುಗಳಲ್ಲಿ ಹುಡುಕಾಟ ನಡೆಸಿದ್ದು ಪೇಪರಿನಲ್ಲಿ ಬಂದಿತ್ತು. ಕೋಲ್ಡ್‌ಪ್ಲೇ, ಪಂಜಾಬಿ ಗಾಯಕ ದಿಲ್ಜಿತ್ ದೋಸಾಂಜ್ ಶೋಗಳ ಟಿಕೆಟ್ ದಂಧೆಯ ವಿಚಾರಕ್ಕೆ. ನಕಲಿ ಟಿಕೆಟ್ ಮಾರುತ್ತಿದ್ದದ್ದು ಇದೇ ಇನ್‌ಸ್ಟಾಗ್ರಾಂ, ವಾಟ್ಸಾಪ್, ಟೆಲಿಗ್ರಾಂನಲ್ಲಿ.

ಬೆಂಗಳೂರಿನ ಎರಡನೇ ಶೋ ಬಂದಾಗ ಅಕ್ಕನ ಮಗಳು ಆ ಪೇಜಿನವನಿಗೆ ‘ಇದು ಬೇಡ, ದುಡ್ಡು ವಾಪಸ್ ಕೊಡಿ’ ಅಂದಳು. ‘ನಾನ್ ರಿಫಂಡೆಬಲ್ ಕಣಮ್ಮ, ಟಿಕೆಟ್ ಪಿಡಿಎಫ್ ಇವತ್ತೇ ಕಳಿಸ್ತೀನಿ’ ಅಂದ. ಕಳಿಸಿದ. ಇಬ್ಬರ ಹೆಸರೂ ಇತ್ತು, ಕ್ಯೂಆರ್ ಇತ್ತು. ಮನೆಯಲ್ಲಿ ಎಲ್ಲರಿಗೂ ಸಮಾಧಾನ.

ಫೆಬ್ರವರಿ 8 ಶನಿವಾರ. ನಾನೇ ಕಾರಿನಲ್ಲಿ ಇಬ್ಬರನ್ನೂ ಕರೆದುಕೊಂಡು ಹೋದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಟರೂ ಬೇಗನೇ ತಲುಪಿದೆವು. ಗೇಟಿನಲ್ಲಿದ್ದ ಹುಡುಗ ಇವಳ ಫೋನಿನ ಮೇಲೆ ಸ್ಕ್ಯಾನರ್ ಹಿಡಿದ. ಕೆಂಪು ಬಂತು. ಫೋನಿನ ಬೆಳಕು ಜಾಸ್ತಿ ಮಾಡಿ ಮತ್ತೆ ಹಿಡಿದ. ಮತ್ತೆ ಕೆಂಪು. ‘ಮೇಡಂ, ಇದರಲ್ಲಿ ಆಗ್ಲೇ ಒಳಗೆ ಹೋಗಿದಾರೆ’ ಅಂದ. ಬೈಯಲಿಲ್ಲ, ಪಾಪ, ಪಕ್ಕಕ್ಕೆ ನಿಲ್ಲಿ ಅಂದ. ಪಕ್ಕದಲ್ಲಿ ನೋಡಿದರೆ ಒಂದು ಸಣ್ಣ ಗುಂಪೇ ನಿಂತಿದೆ. ಚಿಂತಾಮಣಿಯಿಂದ ಬಂದಿದ್ದ ಅಣ್ಣ ತಂಗಿ ಇದ್ದರು. ಅವರ ಫೋನು, ಇವಳ ಫೋನು ಅಕ್ಕಪಕ್ಕ ಹಿಡಿದು ನೋಡಿದೆವು. ಹೆಸರು ಮಾತ್ರ ಬೇರೆ. ಬುಕಿಂಗ್ ನಂಬರು, ಕ್ಯೂಆರ್ ಎಲ್ಲ ಒಂದೇ! ಅಂದರೆ ಅಸಲಿ ಟಿಕೆಟ್ ಒಂದು ಜೊತೆ ಎಲ್ಲೋ ಇತ್ತು. ಅದನ್ನೇ ಕಂಡಕಂಡವರಿಗೆಲ್ಲ ಮಾರಿದ್ದ. ಮೊದಲು ಗೇಟಿಗೆ ಬಂದವರು ಒಳಗೆ ಹೋದರು. ಒಳಗೆ ಹೋದವರಿಗೂ ಈ ವಿಷಯ ಗೊತ್ತಿರಲಿಕ್ಕಿಲ್ಲ. ಅವರು ಈಗಲೂ ಆ ಪೇಜನ್ನು ಹೊಗಳುತ್ತಿರಬಹುದು. ‘ಥ್ಯಾಂಕ್ಯೂ ಬ್ರೋ’ಗಳು ಹುಟ್ಟೋದು ಹೀಗೇ ಅಂತ ನನ್ನ ಅಂದಾಜು.

ಹುಡುಗಿಯರಿಬ್ಬರೂ ರಸ್ತೆ ಬದಿಯಲ್ಲಿ ಅಳುತ್ತಾ ನಿಂತಿದ್ದನ್ನು ಜಾಸ್ತಿ ಬರೆಯೋದಿಲ್ಲ. ಮಾರನೇ ದಿನ ಬೆಳಿಗ್ಗೆ ಇನ್ನೊಂದು ತಮಾಷೆ. ಅದೇ ಎಡ್ ಶೀರನ್ ಚರ್ಚ್ ಸ್ಟ್ರೀಟ್‌ನ ಫುಟ್‌ಪಾತಿನಲ್ಲಿ ನಿಂತು ಪುಕ್ಕಟೆ ಹಾಡುತ್ತಿದ್ದಾನೆ, ಪೊಲೀಸರು ಬಂದು ಮೈಕಿನ ವೈರ್ ಕಿತ್ತರು! ಆ ವಿಡಿಯೊ ಊರೆಲ್ಲ ಓಡಾಡಿತು. ಇವಳು ಅದನ್ನು ನೋಡಿ ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ.

ನಾನು ಬಿ.ಎಚ್. ರಸ್ತೆ ಹತ್ತಿರ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಸೋಮವಾರ ಆ ಪಿಡಿಎಫ್ ಅನ್ನು ಅಂಗಡಿ ಕಂಪ್ಯೂಟರ್‌ನಲ್ಲಿ ತೆರೆದು ದೊಡ್ಡದು ಮಾಡಿದೆ. ಇಡೀ ಟಿಕೆಟ್ ಒಂದು ಚಿತ್ರ, ಮೌಸ್ ಎಳೆದರೆ ಒಂದಕ್ಷರವೂ ಸೆಲೆಕ್ಟ್ ಆಗಲ್ಲ. ಹೆಸರಿನ ಎರಡು ಸಾಲು ಮಾತ್ರ ನೀಲಿಯಾಗಿ ಸೆಲೆಕ್ಟ್ ಆಗುತ್ತೆ. ಅಂದರೆ ಅಲ್ಲಿ ಬಿಳಿ ಪಟ್ಟಿ ಹಚ್ಚಿ ಮೇಲೆ ಟೈಪ್ ಮಾಡಿದ್ದಾರೆ. ಫಾಂಟೂ ಬೇರೆ, ಅಕ್ಷರದ ಸುತ್ತ ಬಿಳುಪು ಸ್ವಲ್ಪ ಜಾಸ್ತಿ. ಮೊಬೈಲಿನ ಪರದೆಯಲ್ಲಿ ಇದು ಯಾರಿಗೂ ಕಾಣಲ್ಲ. ತುಮಕೂರಿನಲ್ಲಿ ಯಾರಾದರೂ ಇಂಥ ಟಿಕೆಟ್ ತಗೊಂಡಿದ್ದರೆ ಅಂಗಡಿಗೆ ತನ್ನಿ, ಸುಮ್ನೆ ನೋಡಿ ಹೇಳ್ತೀನಿ, ದುಡ್ಡೇನೂ ಬೇಡ. ಆದರೆ ಹೆಸರು ಸರಿ ಇದ್ದ ಮಾತ್ರಕ್ಕೆ ಟಿಕೆಟ್ ಸರಿ ಅಂತಲ್ಲ. ಅಸಲಿಯ ಕಾಪಿಯೂ ಮೊದಲ ಸ್ಕ್ಯಾನ್ ಆದಮೇಲೆ ಬರೀ ಕಾಗದ.

ಈಗ ಮುಖ್ಯ ವಿಷಯ. ಬೇರೆ ಆನ್‌ಲೈನ್ ಮೋಸಗಳಲ್ಲಿ ದುಡ್ಡು ಹೋಗಿದ್ದು ಅವತ್ತೇ ಗೊತ್ತಾಗುತ್ತೆ. ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಆ ಖಾತೆಯಿಂದ ದುಡ್ಡು ಮುಂದೆ ಹೋಗುವ ಮುಂಚೆ ತಡೆಹಿಡಿಯುವ ಸಾಧ್ಯತೆ ಇರುತ್ತೆ. ಟಿಕೆಟ್ ಮೋಸದಲ್ಲಿ ಹಾಗಲ್ಲ. ಡಿಸೆಂಬರ್‌ನಲ್ಲಿ ದುಡ್ಡು, ಫೆಬ್ರವರಿಯಲ್ಲಿ ಗೇಟು. ಮಧ್ಯೆ ಇರುವ ವಾರಗಳೇ ಕಳ್ಳನ ಬಂಡವಾಳ. ಆ ಟೈಮಿನಲ್ಲಿ ಅವನು ಇನ್ನಷ್ಟು ಜನಕ್ಕೆ ಮಾರುತ್ತಾನೆ, ದುಡ್ಡು ತೆಗೆದುಕೊಂಡು ಹೋಗುತ್ತಾನೆ, ಸಿಮ್ ಬಿಸಾಕುತ್ತಾನೆ. ನಾನು ಅವತ್ತು ರಾತ್ರಿ ಕಾರಿನಿಂದಲೇ 1930ಕ್ಕೆ ಫೋನ್ ಮಾಡಿದೆ. ಯಾವ ಬ್ಯಾಂಕು, ಎಷ್ಟು ಗಂಟೆಗೆ, ಯುಟಿಆರ್ (ದುಡ್ಡು ಹಾಕಿದ್ದಕ್ಕೆ ಬರುವ ಗುರುತಿನ) ನಂಬರ್ ಏನು ಅಂತ ಸರಿಯಾಗಿ ಕೇಳಿ ಬರೆದುಕೊಂಡರು. ಅಷ್ಟರಲ್ಲಿ ಆ ಖಾತೆ ಖಾಲಿ ಆಗಿತ್ತು. ಆಮೇಲೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆ. ಮೊದಲು 420 ಅನ್ನುತ್ತಿದ್ದ ಕೇಸು ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್. ದುಡ್ಡು ಇನ್ನೂ ಬಂದಿಲ್ಲ.

ಹಾಗಾಗಿ ಟಿಕೆಟ್ ಕೈಗೆ ಬಂದ ದಿನವೇ ಅದನ್ನು ಪರೀಕ್ಷೆ ಮಾಡಬೇಕು, ಶೋ ದಿನ ಅಲ್ಲ. ಮಾರಿದ ಆ್ಯಪ್‌ನಲ್ಲೇ ಇನ್ನೊಬ್ಬರ ಹೆಸರಿಗೆ ಟ್ರಾನ್ಸ್‌ಫರ್ ಮಾಡುವ ವ್ಯವಸ್ಥೆ ಇದ್ದರೆ ಅದನ್ನೇ ಕೇಳಿ. ಟಿಕೆಟ್ ನಿಮ್ಮ ಲಾಗಿನ್‌ನಲ್ಲಿ, ನಿಮ್ಮ ನಂಬರಿನಲ್ಲಿ ಕಾಣಿಸಬೇಕು. ಆ ವ್ಯವಸ್ಥೆ ಇಲ್ಲ ಅಂದರೆ, ಮಾರುವವನು ನಿಮ್ಮ ಜೊತೆ ಗೇಟಿಗೆ ಬರಲಿ, ನೀವು ಒಳಗೆ ಕಾಲಿಟ್ಟ ಮೇಲೆ ದುಡ್ಡು ಕೊಡಿ. ಇದಕ್ಕೆ ಒಪ್ಪುವವರು ಕಡಿಮೆ, ಗೊತ್ತು. ಒಪ್ಪದಿದ್ದರೆ ಬಿಟ್ಟುಬಿಡಿ, ಇನ್ನೊಂದು ಶೋ ಸೇರಿಸ್ತಾರಾ ನೋಡಿ. ಸ್ಕ್ರೀನ್‌ಶಾಟ್, ಸ್ಕ್ರೀನ್ ರೆಕಾರ್ಡಿಂಗ್, ಆಧಾರ್ ಕಾರ್ಡಿನ ಫೋಟೊ, ಯಾವುದನ್ನೂ ಪುರಾವೆ ಅಂತ ತಗೋಬೇಡಿ. ನಮಗೆ ಆಧಾರ್ ಕೂಡ ಕಳಿಸಿದ್ದ. ಅದು ಯಾರದ್ದೋ, ಪಾಪ. ನಿಮ್ಮ ಅಸಲಿ ಟಿಕೆಟನ್ನು ಖುಷಿಯಿಂದ ಸ್ಟೇಟಸ್‌ಗೆ ಹಾಕುವ ಅಭ್ಯಾಸವನ್ನೂ ಬಿಡಿ. ಕ್ಯೂಆರ್ ಕಾಣಿಸಿದರೆ ಸಾಕು, ಅದನ್ನು ಇನ್ನೊಬ್ಬ ಮಾರಿಕೊಳ್ಳಬಹುದು.

ದೂರು ಕೊಡಲು ಹೋಗುವವರು ಚಾಟ್ ಡಿಲೀಟ್ ಮಾಡಬೇಡಿ. ಕೋಪದಲ್ಲಿ ಬ್ಲಾಕ್ ಕೂಡ ಮಾಡಬೇಡಿ. ಪೇಜಿನ ಹೆಸರು, ಅದರ ಲಿಂಕ್, ಫೋನ್ ನಂಬರ್, ಯುಪಿಐ ಐಡಿ, ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲು, ಇಷ್ಟನ್ನು ಪ್ರಿಂಟ್ ತೆಗೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತೆ. ಪೇಜಿನ ಹೆಸರು ನಾಳೆ ಬದಲಾಗುತ್ತೆ, ಅದಕ್ಕೇ ಲಿಂಕ್ ಮುಖ್ಯ.

ಇನ್ನೊಂದು ಬಲೆ ಇದೆ, ಇದು ದುಡ್ಡು ಹೋದಮೇಲೆ ಬೀಸೋದು. ಇವಳು ಆ ಪೇಜಿನ ಕೆಳಗೆ ‘ಮೋಸ’ ಅಂತ ಕಾಮೆಂಟ್ ಹಾಕಿದ ಸ್ವಲ್ಪ ಹೊತ್ತಿಗೆ ಒಬ್ಬಳು ಮೆಸೇಜ್ ಮಾಡಿದಳು. ‘ನಂಗೂ ಹೀಗೇ ಆಗಿತ್ತು ಸಿಸ್, ಒಬ್ಬರು ಸೈಬರ್ ಲಾಯರ್ ವಾಪಸ್ ಕೊಡಿಸಿದ್ರು, ಫೀಸು ಬರೀ ₹1,500.’ ಆ ‘ಲಾಯರ್’ ಒಂದು ಕ್ಯೂಆರ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ಖಾತೆಗೆ ಬರುತ್ತೆ ಅಂದ. ದುಡ್ಡು ಬರೋದಕ್ಕೆ ಪಿನ್ ಹಾಕುವ ಹಾಗೇ ಇಲ್ಲ. ಪಿನ್ ಹಾಕಿದರೆ ದುಡ್ಡು ಹೋಗುತ್ತೆ ಅಷ್ಟೇ. ಇವಳು ಹಾಕಲಿಲ್ಲ. ಚಿಂತಾಮಣಿಯ ಹುಡುಗ ಹಾಕಿದ್ದ.

ಅಸಲಿ ಟಿಕೆಟ್ ಇದ್ದು ಮಾದಾವರದ ಕಡೆ ಹೋಗುವವರಿಗೆ ಒಂದೆರಡು ಮಾತು. 2024ರ ನವೆಂಬರ್‌ನಿಂದ ಹಸಿರು ಮೆಟ್ರೊ ಮಾದಾವರದವರೆಗೂ ಇದೆ, ಬೆಂಗಳೂರಿನವರಿಗೆ ಅನುಕೂಲ. ನಮಗೆ ವಾಪಸ್ ಬರೋದೇ ಕಷ್ಟ. ಶೋ ರಾತ್ರಿ 10ಕ್ಕೆ ನಿಲ್ಲಿಸಬೇಕು, ಮೈಕಿನ ನಿಯಮ ಹಾಗಿದೆ. ಎಲ್ಲರೂ ಒಟ್ಟಿಗೆ ಹೊರಗೆ ಬರ್ತಾರೆ. ಮೆಜೆಸ್ಟಿಕ್‌ನಿಂದ ತುಂಬಿಕೊಂಡು ಬರುವ ದೂರದ ಬಸ್ಸುಗಳು ಅಲ್ಲಿ ಕೈ ತೋರಿಸಿದರೆ ನಿಲ್ಲಿಸುತ್ತವೆ ಅಂತ ನಂಬಿಕೊಂಡು ಹೋಗಬೇಡಿ. ಹೆಣ್ಣುಮಕ್ಕಳು ಇದ್ದರೆ ಗಾಡಿ ಮೊದಲೇ ಗೊತ್ತು ಮಾಡಿಕೊಳ್ಳಿ, ಡ್ರೈವರ್ ಎಲ್ಲಿ ನಿಲ್ಲಿಸಿರ್ತಾನೆ ಅಂತ ಶೋ ಶುರುವಾಗುವ ಮುಂಚೆಯೇ ಕೇಳಿಕೊಳ್ಳಿ.

ನಮಗೆ ಮಾರಿದ ಪೇಜು ಸ್ವಲ್ಪ ದಿನ ಕಾಣೆಯಾಗಿತ್ತು. ಈಗ ಬೇರೆ ಹೆಸರು, ಬೇರೆ ಫೋಟೊ ಹಾಕಿಕೊಂಡು ವಾಪಸ್ ಬಂದಿದೆ. ‘ಥ್ಯಾಂಕ್ಯೂ ಬ್ರೋ’ ಸ್ಕ್ರೀನ್‌ಶಾಟುಗಳು ಮಾತ್ರ ಅವೇ. ಪ್ರತಿ ಸಲ ದೊಡ್ಡ ಟೂರಿನ ಪೋಸ್ಟರ್ ಬಂದಾಗ ಆ ಪೇಜು ಎಚ್ಚರಾಗುತ್ತೆ. ಹಾಗಾಗಿ ‘ಎರಡೇ ಉಳಿದಿದೆ, ಊರಿನವರು ಅಂತ ಕೊಡ್ತಿದೀನಿ’ ಅನ್ನುವ ಮೆಸೇಜ್ ನಿಮ್ಮ ಕಾಲೇಜು ಗ್ರೂಪಿಗೂ ಬಂದರೆ ಮೊದಲು ಲಿಂಕ್ ಕಾಪಿ ಮಾಡಿಟ್ಟುಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ರಿಪೋರ್ಟ್ ಮಾಡಿ. ಸೆನ್ ಠಾಣೆಯಲ್ಲಿ ನಮ್ಮ ದೂರು ಇನ್ನೂ ತೆರೆದೇ ಇದೆ. ಅದೇ ಆಸಾಮಿ ಕೈಯಲ್ಲಿ ಮೋಸ ಹೋದವರು ನೀವೂ ಅಲ್ಲಿಗೆ ಹೋಗಿ ದೂರು ಕೊಡಿ.