ಬಯಲಿನ ಮದುವೆ ಫೋಟೊಗೆ ಫೈವ್ ಇನ್ ಒನ್ ರಿಫ್ಲೆಕ್ಟರ್: ಒಳಗಿನ ಬಿಳಿ ಬಟ್ಟೆಗೇ ಕೊಡಬೇಕು ದುಡ್ಡು

ಮದುವೆ ಫೋಟೊ ತೆಗೆಯುವ ನಾಲ್ಕು ಜನ ಸೇರಿದರೆ ಕ್ಯಾಮೆರಾ, ಲೆನ್ಸ್ ಬಗ್ಗೆ ಮಾತು ಮುಗಿಯುವುದೇ ಇಲ್ಲ. ಬೆಳಕನ್ನು ಮುಖದ ಕಡೆ ತಿರುಗಿಸುವ, ಮಡಚಿ ಚೀಲಕ್ಕೆ ಹಾಕುವ ದುಂಡನೆಯ ರಿಫ್ಲೆಕ್ಟರ್ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನನ್ನ ಬ್ಯಾಗಿನಲ್ಲಿ ಕ್ಯಾಮೆರಾ ಬಾಡಿ ಬದಲಾಗಿದೆ, ಲೆನ್ಸ್ ಬದಲಾಗಿವೆ, ಇದೊಂದು ಮಾತ್ರ ಮೊದಲಿನಿಂದಲೂ ಜೊತೆಗಿದೆ. ಬಯಲಿನಲ್ಲಿ ಗಂಡು ಹೆಣ್ಣು ಮತ್ತು ಅವರ ಗೆಳೆಯರ ಬಳಗದ ಫೋಟೊ ತೆಗೆದು, ಆಮೇಲೆ ಕೂತು ಎಡಿಟ್ ಮಾಡುವವರಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ತೊಂದರೆಗಳೂ ಇವೆ. ಎರಡನ್ನೂ ಬರೆಯುತ್ತೇನೆ.

ಬೇರೆ ಬೇರೆ ಹೆಸರಿನಲ್ಲಿ ಸಿಕ್ಕರೂ ಸಾಮಾನು ಹೆಚ್ಚುಕಡಿಮೆ ಒಂದೇ. ಸ್ಟೀಲ್ ಪಟ್ಟಿಯ ರಿಂಗ್. ಅದಕ್ಕೆ ಬಿಗಿದ, ಬೆಳಕು ಹಾಯುವ ತೆಳು ಬಿಳಿ ಬಟ್ಟೆ. ಅದರ ಮೇಲೆ ಝಿಪ್ ಇರುವ ಗವಸು. ಗವಸನ್ನು ಒಳಗು ಹೊರಗು ಮಾಡಿದರೆ ಬೆಳ್ಳಿ, ಚಿನ್ನ, ಬಿಳಿ, ಕಪ್ಪು ಅಂತ ನಾಲ್ಕು ಬದಿ. ಜಾಸ್ತಿ ಜನ ಕೊಳ್ಳುವುದು ಹೊರಗಿನ ಬೆಳ್ಳಿಯ ಹೊಳಪು ನೋಡಿ. ಝಿಪ್ ತೆಗೆಯದೇ ವರ್ಷಗಟ್ಟಲೆ ಬಳಸುವವರನ್ನೂ ನೋಡಿದ್ದೇನೆ. ಆದರೆ ನಿಜವಾದ ಸರಕು ಇರುವುದು ಒಳಗೆ. ಗವಸು ಕಳಚಿದ ಮೇಲೆ ಉಳಿಯುವ ಆ ತೆಳು ಬಿಳಿ ಬಟ್ಟೆಯೇ ಡಿಫ್ಯೂಸರ್, ಅಂದರೆ ಬೆಳಕನ್ನು ಹರಡಿ ಮೆದು ಮಾಡುವ ಪರದೆ. ನಾನು ದುಡ್ಡು ಕೊಡುವುದು ಅದಕ್ಕೇ.

ನೆತ್ತಿಯ ಮೇಲಿನ ಬಿಸಿಲಲ್ಲಿ ಮುಖ ಹೇಗೆ ಕಾಣುತ್ತದೆ ಅಂತ ಎಲ್ಲರಿಗೂ ಗೊತ್ತು. ಹುಬ್ಬಿನ ಕೆಳಗೆ ಕಣ್ಣು ಕಪ್ಪು ಗುಳಿ, ಮೂಗಿನ ನೆರಳು ತುಟಿಯ ಮೇಲೆ, ಹಣೆ ಮೇಲೆ ಬೆವರಿನ ಹೊಳಪು. ಡಿಫ್ಯೂಸರನ್ನು ಸೂರ್ಯನಿಗೂ ಅವರಿಗೂ ನಡುವೆ ಅಡ್ಡ ಹಿಡಿದು ನೋಡಿ. ನೆರಳಿನ ಅಂಚು ಕರಗುತ್ತದೆ, ಕಣ್ಣು ತೆರೆದುಕೊಳ್ಳುತ್ತದೆ, ಕೆನ್ನೆಯ ದುಂಡು ತಿರುಗುವುದು ಕಾಣುತ್ತದೆ. ಇನ್ನೊಂದು ಲಾಭವೂ ಇದೆ. ಬಿಸಿಲು ತಪ್ಪಿದ ಕೂಡಲೇ ಮದುಮಗಳ ಹುಬ್ಬಿನ ಗಂಟು ಬಿಡುತ್ತದೆ. ಆ ಗಂಟನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ಬಿಡಿಸಲಾರದು.

ಹತ್ತಿರ ಹಿಡಿಯಬೇಕು. ಫ್ರೇಮಿನ ಅಂಚಿಗೆ ಇನ್ನೇನು ತಾಗಿತು ಅನ್ನುವಷ್ಟು ಹತ್ತಿರ. ದೂರ ಒಯ್ದಷ್ಟೂ ಅದು ಮುಖದಿಂದ ನೋಡಿದಾಗ ಚಿಕ್ಕದಾಗುತ್ತದೆ, ಬೆಳಕು ಮತ್ತೆ ಗಡುಸಾಗುತ್ತದೆ. ಎತ್ತಿ ಹಿಡಿದರೆ ನೆರಳು ದೊಡ್ಡದಾಗಿ ಇನ್ನೂ ಇಬ್ಬರು ಅದರೊಳಗೆ ಬರುತ್ತಾರೆ ಅಂತ ಕೆಲವರು ಅಂದುಕೊಂಡಿರುತ್ತಾರೆ. ಹಾಗಾಗುವುದಿಲ್ಲ. ಸೂರ್ಯನ ಕಿರಣ ನಮಗೆ ಬಹುತೇಕ ಸಮಾನಾಂತರವಾಗಿ ಬರುತ್ತದೆ. 110 ಸೆಂ.ಮೀ. ರಿಂಗನ್ನು ಎಷ್ಟು ಎತ್ತರದಲ್ಲಿ ನೇರವಾಗಿ ಹಿಡಿದರೂ ಸಿಗುವುದು ಸುಮಾರು ಅಷ್ಟೇ ಅಗಲದ ನೆರಳು. ಇಬ್ಬರ ತಲೆ, ಭುಜ, ಎದೆಯವರೆಗೆ ಸಾಕು. ಫ್ರೇಮ್ ಅದಕ್ಕಿಂತ ಕೆಳಗೆ ಇಳಿದರೆ ಮೊಣಕೈ ಮೇಲೆ ಬಿಸಿಲಿನ ಒಂದು ತುಂಡು ಉರಿಯುತ್ತಾ ಕೂತಿರುತ್ತದೆ. ಮುಖ ಎಷ್ಟೇ ಚೆನ್ನಾಗಿ ಬಂದಿರಲಿ, ನೋಡುವವರ ಕಣ್ಣು ಮೊದಲು ಹೋಗುವುದು ಆ ಮೊಣಕೈಗೆ.

ಈಗ ಇದರ ದೊಡ್ಡ ತೊಂದರೆಗೆ ಬರುತ್ತೇನೆ. ಇದನ್ನು ಮಾರುವವರು ಯಾರೂ ಹೇಳುವುದಿಲ್ಲ.

ಡಿಫ್ಯೂಸರ್ ಬಟ್ಟೆ ಬೆಳಕನ್ನು ಮೆದು ಮಾಡುವಾಗ ಒಂದು ಸ್ಟಾಪ್‌ನಷ್ಟು, ದಪ್ಪ ಬಟ್ಟೆಯಾದರೆ ಇನ್ನೂ ಸ್ವಲ್ಪ ಜಾಸ್ತಿ, ನುಂಗಿಬಿಡುತ್ತದೆ. ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧ, ಒಂದು ಸ್ಟಾಪ್ ಹೆಚ್ಚು ಅಂದರೆ ಎರಡರಷ್ಟು. ಮುಖ ಮಾತ್ರ ಬಟ್ಟೆಯ ಕೆಳಗಿದೆ, ಹಿನ್ನೆಲೆ ಪೂರ್ತಿ ಬಿಸಿಲಲ್ಲೇ ಇದೆ. ಲೆಕ್ಕ ಹಾಕಿ ನೋಡಿ. ಒಳ್ಳೆ ಬಿಸಿಲಿಗೆ ಹಳೆಯ ನಿಯಮದ ಪ್ರಕಾರ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್ 16, ಶಟರ್ ಸೆಕೆಂಡಿನ 1/100. ಇದನ್ನೇ ಎಫ್ 2.8ಕ್ಕೆ ತಂದರೆ ಶಟರ್ 1/3200. ಡಿಫ್ಯೂಸರ್ ಕೆಳಗಿನ ಮುಖಕ್ಕೆ ಬೇಕಾದದ್ದು 1/1600 ಅಥವಾ 1/1250. ಅಂದರೆ ಹಿಂದಿನ ಹುಲ್ಲು, ಗೋಡೆ, ಆಕಾಶ ಎಲ್ಲಕ್ಕೂ ಒಂದು ಸ್ಟಾಪ್ ಅಥವಾ ಅದಕ್ಕಿಂತ ಹೆಚ್ಚು ಬೆಳಕು ಸುರಿದಂತೆ. ಕಡು ಹಸಿರು ಹಿನ್ನೆಲೆ ಆದರೆ ತಡೆದುಕೊಳ್ಳುತ್ತದೆ, ನೋಡಲೂ ಹಿತವಾಗಿರುತ್ತದೆ. ತಿಳಿ ಬಣ್ಣದ ಗೋಡೆ, ಮರಳು, ಮೋಡ ಆದರೆ ಬೆಳ್ಳಗೆ ಸುಟ್ಟುಹೋಗುತ್ತದೆ. ರಾ ಫೈಲಿನಲ್ಲಿ (ಕ್ಯಾಮೆರಾ ಹಿಡಿದದ್ದನ್ನು ಹಾಗೇ ಇಟ್ಟ ಕಚ್ಚಾ ಫೈಲ್) ಸ್ವಲ್ಪ ಎಳೆದು ತರಬಹುದು. ಆದರೆ ಪೂರ್ತಿ ಸುಟ್ಟ ಜಾಗದಲ್ಲಿ ಎಳೆಯಲು ಏನೂ ಉಳಿದಿರುವುದಿಲ್ಲ.

ಅದಕ್ಕೇ ನಾನು ಡಿಫ್ಯೂಸರ್ ಬಿಚ್ಚುವ ಮೊದಲು ಮುಖ ನೋಡುವುದಿಲ್ಲ, ಹಿನ್ನೆಲೆ ನೋಡುತ್ತೇನೆ. ದೊಡ್ಡ ಮರದ ನೆರಳಿನ ಬದಿ, ಕಟ್ಟಡದ ಬಿಸಿಲು ಬೀಳದ ಮಗ್ಗುಲು, ಇಂಥದ್ದು ಅವರ ಬೆನ್ನ ಹಿಂದೆ ಬರುವ ಹಾಗೆ ನಿಲ್ಲಿಸುತ್ತೇನೆ. ಇದೊಂದನ್ನು ಮಾಡಿದರೆ ಎಡಿಟಿಂಗಿನ ಅರ್ಧ ಭಾರ ಅಲ್ಲೇ ಇಳಿಯಿತು.

ಫ್ಲಾಶ್ ಇದೆಯಲ್ಲ, ಇದೆಲ್ಲ ಯಾಕೆ ಅಂತ ಕೇಳಬಹುದು. ಫ್ಲಾಶ್ ನನ್ನ ಬಳಿಯೂ ಇದೆ. ಆದರೆ ಜಾಸ್ತಿ ಕ್ಯಾಮೆರಾಗಳಲ್ಲಿ ಸಿಂಕ್ ವೇಗ, ಅಂದರೆ ಮಾಮೂಲಿ ಫ್ಲಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್, 1/200, 1/250ರ ಹತ್ತಿರ ನಿಲ್ಲುತ್ತದೆ. ಅಪರ್ಚರ್ ತೆರೆದಿಟ್ಟು ಬಿಸಿಲಲ್ಲಿ ತೆಗೆಯಬೇಕಾದರೆ ಆ ವೇಗವನ್ನು ಮೀರಲು ಬಿಡುವ ಹೈ ಸ್ಪೀಡ್ ಸಿಂಕ್ ಹಾಕಬೇಕು. ಆಗ ಫ್ಲಾಶಿನ ಶಕ್ತಿ ಕುಗ್ಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಬಟ್ಟೆಗೆ ಬ್ಯಾಟರಿ ಬೇಡ. ಬೆಳಕು ಹೇಗೆ ಬೀಳುತ್ತಿದೆ ಅನ್ನುವುದು ಕ್ಲಿಕ್ ಮಾಡುವ ಮೊದಲೇ ಕಣ್ಣಿಗೆ ಕಾಣುತ್ತದೆ.

ಉಳಿದ ಬದಿಗಳ ವಿಚಾರ ಬೇಗ ಮುಗಿಸುತ್ತೇನೆ. ಚಿನ್ನದ ಬದಿ ನನಗೆ ಬೇಡವೇ ಬೇಡ. ಮುಖದ ಒಂದು ಪಕ್ಕ ಅರಿಶಿನ ಬಳಿದಂತಾಗುತ್ತದೆ, ಇನ್ನೊಂದು ಪಕ್ಕ ಮಾಮೂಲಿ ಬಣ್ಣ. ಅದನ್ನು ಒಂದೇ ವೈಟ್ ಬ್ಯಾಲೆನ್ಸ್‌ನಲ್ಲಿ (ಇಡೀ ಫೋಟೊದ ಬಣ್ಣದ ಹದ) ಸರಿ ಮಾಡಲು ಆಗುವುದಿಲ್ಲ. ಬೆಳ್ಳಿ ಬದಿ ಜೋರು. ಬೇಕಾಗುವುದು ಮೋಡದ ದಿನ, ಅದೂ ದೂರದಿಂದ. ಬಿಸಿಲಲ್ಲಿ ಹತ್ತಿರ ಹಿಡಿದರೆ ಎದುರಿಗಿರುವವರ ಕಣ್ಣು ಕಿರಿದಾಗುತ್ತದೆ, ವಯಸ್ಸಾದವರಿಗೆ ನೀರೇ ಬರುತ್ತದೆ. ಯಾರ ಕಣ್ಣಿಗೂ ನೋವು ಕೊಟ್ಟು ಫೋಟೊ ತೆಗೆಯಬಾರದು. ಜೊತೆಗೆ, ಹಿಡಿದವರು ಸುಮ್ನೆ ಸೊಂಟದ ಮಟ್ಟದಲ್ಲಿ ಹಿಡಿದು ನಿಂತರೆ ಬೆಳಕು ಕೆಳಗಿನಿಂದ ಹೊಡೆದು ಮೂಗಿನ ನೆರಳು ಮೇಲಕ್ಕೆ ಏರುತ್ತದೆ. ನೋಡಲು ಚೆನ್ನಾಗಿರುವುದಿಲ್ಲ.

ಬಿಳಿ ಬದಿ ಹಾಗಲ್ಲ, ಸಾಧು. ಸೂರ್ಯ ಬೆನ್ನ ಹಿಂದೆ ಇರುವಾಗ ಎದೆಮಟ್ಟದಲ್ಲಿ ಹಿಡಿದರೆ ಮುಖ ತುಂಬಿ ಬರುತ್ತದೆ, ಕಣ್ಣಲ್ಲಿ ಒಂದು ಮಿಂಚು ಕೂರುತ್ತದೆ. ಕಪ್ಪು ಬದಿಯನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಪೂರ್ತಿ ನೆರಳಿನಲ್ಲಿ ಸುತ್ತಲಿಂದಲೂ ಒಂದೇ ಸಮ ಬೆಳಕು ಬಂದು ಮುಖ ಚಪ್ಪಟೆ ಕಂಡಾಗ, ಕಪ್ಪು ಬದಿಯನ್ನು ಒಂದು ಕೆನ್ನೆಯ ಪಕ್ಕ ತನ್ನಿ. ಆ ಕಡೆಯ ಬೆಳಕು ಇಂಗಿ ದವಡೆಯ ಗೆರೆ ಎದ್ದು ಕಾಣುತ್ತದೆ. ಮದುಮಗನ ಒಂಟಿ ಫೋಟೊಗೆ ನಾನು ಮೊದಲು ಹುಡುಕುವುದು ಇದನ್ನೇ.

ದೊಡ್ಡ ಗುಂಪಿಗೆ ಇದು ಕೆಲಸಕ್ಕೆ ಬಾರದು. ಹತ್ತು ಹನ್ನೆರಡು ಜನರ ಗೆಳೆಯರ ಬಳಗ ಎರಡು ಸಾಲಿನಲ್ಲಿ ನಿಂತರೆ ಡಿಫ್ಯೂಸರ್ ನಡುವಿನ ಇಬ್ಬರಿಗೆ ಮಾತ್ರ ಸಾಲುತ್ತದೆ, ಉಳಿದವರು ಬಿಸಿಲಲ್ಲಿ. ಅದಕ್ಕಿಂತ ಇಲ್ಲದಿದ್ದರೇ ವಾಸಿ. ಗುಂಪಿಗೆ ನನ್ನ ದಾರಿ ಬೇರೆ. ಎಲ್ಲರ ಬೆನ್ನಿಗೂ ಸೂರ್ಯ ಬರುವ ಹಾಗೆ ನಿಲ್ಲಿಸಿ, ಮುಖಕ್ಕೆ ಎಕ್ಸ್‌ಪೋಷರ್ ಇಟ್ಟು, ಎಫ್ 5.6 ಅಥವಾ ಎಫ್ 8ರಲ್ಲಿ ತೆಗೆಯುತ್ತೇನೆ. ಎಫ್ 1.8ರಲ್ಲಿ ತೆಗೆದರೆ ಮುಂದಿನ ಸಾಲು ಚೂಪಾಗಿ, ಹಿಂದಿನ ಸಾಲು ಮಬ್ಬಾಗಿ ಬರುತ್ತದೆ. ಹಿಂದಿನ ಸಾಲಿನವರೂ ಮದುವೆಗೆ ಬಂದವರೇ ಅಲ್ವಾ? ಮೂರು ನಾಲ್ಕು ಜನ ಒತ್ತಾಗಿ ಒಂದೇ ಸಾಲಿನಲ್ಲಿ ನಿಂತರೆ ಎದುರಿನಿಂದ ಬಿಳಿ ಬದಿ ಕೊಡಬಹುದು, ಅಷ್ಟೇ.

ಇನ್ನು ಗಾಳಿ. 110 ಸೆಂ.ಮೀ. ಬಟ್ಟೆಯನ್ನು ತಲೆಯ ಮೇಲೆ ಎತ್ತಿದರೆ ಅದು ಹಡಗಿನ ಹಾಯಿ ಇದ್ದಂತೆ. ಸ್ಟ್ಯಾಂಡಿಗೆ ಕ್ಲಿಪ್ ಹಾಕಿ ಬಿಡುವುದು ಒಳಗೆ ಸರಿ, ಬಯಲಲ್ಲಿ ಅಪಾಯ. ಕೈಯಲ್ಲಿ ಹಿಡಿಯುವವರು ಬೇಕೇ ಬೇಕು. ನನ್ನ ಜೊತೆ ಬರುವ ಹುಡುಗ ಇದರಲ್ಲಿ ಪಳಗಿದ್ದಾನೆ. “ಅಕ್ಕಾ, ಗಾಳಿ” ಅಂದವನೇ ರಿಂಗನ್ನು ಅಡ್ಡಗಾಳಿಗೆ ಅಂಚು ಕೊಟ್ಟು ತಿರುಗಿಸಿಬಿಡುತ್ತಾನೆ, ಗಾಳಿ ನಿಂತ ಮೇಲೆ ಮತ್ತೆ ಮೊದಲಿನ ಜಾಗಕ್ಕೆ. ಅವನಿಲ್ಲದ ದಿನ ಮದುಮಗನ ಗೆಳೆಯರಲ್ಲೇ ಎತ್ತರದವರೊಬ್ಬರನ್ನು ನೋಡಿ “ಸ್ವಲ್ಪ ಹಿಡ್ಕೊಳ್ತೀರಾ?” ಅಂತ ಕೇಳುತ್ತೇನೆ. ಇಲ್ಲ ಅಂದವರು ಕಡಿಮೆ. ಅವರು ಹಿಡಿದು ನಿಂತರೆ ಎದುರಿನ ಜೋಡಿ ನಗುವುದೂ ಸಲೀಸು. ಒಬ್ಬರೇ ಹೋಗಿ ಒಬ್ಬರೇ ತೆಗೆಯುವವರಿಗೆ ಮಾತ್ರ ಈ ಸಾಮಾನನ್ನು ನಾನು ಹೇಳುವುದಿಲ್ಲ.

ಎಡಿಟಿಂಗ್ ಮೇಜಿಗೆ ಬಂದಾಗಲೇ ಇದರ ಬೆಲೆ ಪೂರ್ತಿ ತಿಳಿಯುವುದು. ಮರದ ಕೆಳಗೆ ತೆಗೆದ ಒಂದು ಜೋಡಿ ಫೋಟೊವನ್ನೇ ತೆಗೆದುಕೊಳ್ಳಿ. ಎಲೆಗಳ ಸಂದಿಯಿಂದ ಇಳಿದ ಬಿಸಿಲಿನ ಚುಕ್ಕೆ ಹಣೆ ಮೇಲೊಂದು, ಕೆನ್ನೆ ಮೇಲೊಂದು, ಮೂಗಿನ ತುದಿಗೊಂದು. ಚುಕ್ಕೆಯ ಬೆಳಕು ಇಳಿಸಿದರೆ ಸರಿಹೋಗುತ್ತದೆ ಅನ್ನಿಸುತ್ತದೆ. ಇಳಿಸಿ ನೋಡಿ, ಬಣ್ಣ ಬೇರೆಯಾಗಿಯೇ ಉಳಿಯುತ್ತದೆ. ಬಿಸಿಲಿನ ಬಣ್ಣ ಸುಮಾರು 5500 ಕೆಲ್ವಿನ್. ನೆರಳಿನದು 7000ವನ್ನೂ ದಾಟಿ ನೀಲಿಯ ಕಡೆಗೆ, ಅದರ ಮೇಲೆ ಎಲೆಯ ಹಸಿರು ಬೇರೆ. ಹಾಗಾಗಿ ಚುಕ್ಕೆಗೊಂದು ಮಾಸ್ಕ್ (ಆ ಜಾಗವನ್ನಷ್ಟೇ ಆರಿಸಿಕೊಳ್ಳುವ ಗುರುತು), ಅದರಲ್ಲಿ ಬೆಳಕು ಬೇರೆ, ಬಣ್ಣ ಬೇರೆ, ಅಂಚು ಸವರುವುದು ಬೇರೆ. ಇಷ್ಟೂ ಒಂದು ಮುಖಕ್ಕೆ. ಅವರು ತಲೆ ಸ್ವಲ್ಪ ಅಲ್ಲಾಡಿಸಿದರೆ ಮುಂದಿನ ಫ್ರೇಮಿನಲ್ಲಿ ಚುಕ್ಕೆಗಳ ಜಾಗವೇ ಬೇರೆ. ಒಂದರ ಎಡಿಟ್ ಇನ್ನೊಂದಕ್ಕೆ ನಕಲು ಮಾಡಲು ಆಗುವುದಿಲ್ಲ. ಅದೇ ಮರದ ಕೆಳಗೆ ತಲೆಯ ಮೇಲೆ ಡಿಫ್ಯೂಸರ್ ಹಿಡಿದಿದ್ದರೆ ಆ ಚುಕ್ಕೆಗಳೆಲ್ಲ ಬಟ್ಟೆಯ ಮೇಲೆಯೇ ನಿಂತುಬಿಡುತ್ತಿದ್ದವು. ಒಂದು ಫೋಟೊ ಸರಿ ಮಾಡಿ, ಆ ಎಡಿಟನ್ನು ಉಳಿದವಕ್ಕೂ ನಕಲು ಮಾಡುವ ಸಿಂಕ್ ಬಟನ್ ಒತ್ತಿದರೆ ಆ ಜಾಗದಲ್ಲಿ ತೆಗೆದದ್ದೆಲ್ಲ ಒಂದೇ ಹದಕ್ಕೆ ಬರುತ್ತದೆ.

ನಾನು ಎಡಿಟ್ ಮಾಡುವುದು ಲೈಟ್‌ರೂಮ್ ಅನ್ನುವ ಫೋಟೊ ಸಾಫ್ಟ್‌ವೇರಿನಲ್ಲಿ. 2021ರಲ್ಲಿ ಅದರ ಮಾಸ್ಕ್ ವ್ಯವಸ್ಥೆ ಹೊಸದಾಗಿ ಬಂತು. ಫೋಟೊದ ಮುಖ್ಯ ವಸ್ತುವನ್ನು, ಆಕಾಶವನ್ನು ತಾನೇ ಗುರುತಿಸಿ ಕೊಡತೊಡಗಿತು. ಮರುವರ್ಷ ಜನರನ್ನು ಗುರುತಿಸಿ ಮುಖದ ಚರ್ಮ, ತುಟಿ, ಕಣ್ಣು, ಹಲ್ಲು, ಕೂದಲು ಅಂತ ಬಿಡಿಬಿಡಿಯಾಗಿ ಆರಿಸುವುದೂ ಬಂತು. ಬಹಳ ಒಳ್ಳೆಯ ಸಲಕರಣೆ. ಆದರೆ ಅದು ಹುಡುಕಿಕೊಡುವುದು ಚರ್ಮ ಎಲ್ಲಿದೆ ಅಂತ. ಬೆಳಕು ಎಲ್ಲಿ ಕೆಟ್ಟಿದೆ ಅನ್ನುವುದನ್ನು ನಾವೇ ನೋಡಬೇಕು. ಬಟ್ಟೆಯ ಕೆಳಗೆ ತೆಗೆದ ಫೋಟೊಗೆ ನಾನು ಮಾಡುವುದು ಇಷ್ಟೇ: ವೈಟ್ ಬ್ಯಾಲೆನ್ಸ್, ಹೈಲೈಟ್ ಸ್ವಲ್ಪ ಇಳಿಕೆ, ಹಿನ್ನೆಲೆಗೆ ಒಂದು ಮಾಸ್ಕ್ ಹಾಕಿ ಅರ್ಧ ಸ್ಟಾಪ್ ಕಡಿಮೆ, ಕಣ್ಣಿನ ಪಾಪೆಗೆ ಒಂದಿಷ್ಟು ಬೆಳಕು.

ಚರ್ಮ ನುಣುಪು ಮಾಡುವ ವಿಚಾರದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಅಂದು ಎದ್ದ ಮೊಡವೆ ತೆಗೆಯುತ್ತೇನೆ, ಹುಟ್ಟಿನಿಂದ ಇರುವ ಮಚ್ಚೆ ಮುಟ್ಟುವುದಿಲ್ಲ. ಟೆಕ್ಸ್ಚರ್ ಸ್ಲೈಡರನ್ನು ಮೈನಸ್ ಹತ್ತು ಹದಿನೈದಕ್ಕಿಂತ ಕೆಳಗೆ ಒಯ್ಯುವುದಿಲ್ಲ. ಮೆದು ಬೆಳಕಿನಲ್ಲಿ ಚರ್ಮದ ರಂಧ್ರಗಳ ನೆರಳೇ ಕಡಿಮೆ ಇರುವುದರಿಂದ ಅದಕ್ಕಿಂತ ಜಾಸ್ತಿ ಬೇಕಾಗುವುದೂ ಇಲ್ಲ. ಮನೆಯವರು ಆ ಮುಖ ನೋಡಿ ನಮ್ಮ ಹುಡುಗಿ ಅನ್ನಬೇಕು.

ಹುಲ್ಲುಹಾಸಿನ ಮೇಲೆ ತೆಗೆಯುವವರಿಗೆ ಇನ್ನೊಂದು ಉಪಯೋಗ ಹೇಳಿಬಿಡುತ್ತೇನೆ. ಬಿಸಿಲು ಬಿದ್ದ ಹುಲ್ಲು ತನ್ನ ಹಸಿರನ್ನು ಮೇಲಕ್ಕೆ ಎಸೆಯುತ್ತದೆ. ಅದು ಗದ್ದದ ಕೆಳಗೆ, ಕತ್ತಿನಲ್ಲಿ, ತಿಳಿ ಬಣ್ಣದ ಬಟ್ಟೆಯ ಮಡಿಕೆಯಲ್ಲಿ ಹೋಗಿ ಕೂರುತ್ತದೆ. ತೆಗೆಯುವಾಗ ಕಣ್ಣಿಗೆ ಬೀಳುವುದಿಲ್ಲ, ಸ್ಕ್ರೀನಿನಲ್ಲಿ ದೊಡ್ಡದು ಮಾಡಿದಾಗ ಕತ್ತು ಕಾಯಿಲೆ ಬಂದಂತೆ ಕಾಣುತ್ತದೆ. ಚರ್ಮಕ್ಕೆ ಮಾಸ್ಕ್ ಹಾಕಿ ಟಿಂಟ್ ಸ್ಲೈಡರನ್ನು ಮಜೆಂಟಾ ಕಡೆಗೆ ತಳ್ಳಿದರೆ ಕತ್ತು ಸರಿಹೋಗುತ್ತದೆ, ಕೆನ್ನೆ ಗುಲಾಬಿಯಾಗುತ್ತದೆ. ಆಗ ಕತ್ತಿಗೆ ಮಾತ್ರ ಬ್ರಶ್ ಹಿಡಿದು ಕೂರಬೇಕು. ಅದರ ಬದಲು ತೆಗೆಯುವಾಗಲೇ ಬಿಳಿ ಗವಸನ್ನು ಅವರ ಮುಂದೆ, ಫ್ರೇಮಿಗೆ ಬೀಳದ ಹಾಗೆ ಹುಲ್ಲಿನ ಮೇಲೆ ಹಾಸಿಬಿಡಿ. ಕೆಳಗಿನಿಂದ ಬರುವ ಹಸಿರಿನ ಜಾಗಕ್ಕೆ ಬಿಳಿ ಬೆಳಕು ಬರುತ್ತದೆ. ಒಳಗಿನ ಡಿಫ್ಯೂಸರ್ ಮೇಲೆ, ಹೊರಗಿನ ಗವಸು ಕೆಳಗೆ. ಒಂದೇ ಸಾಮಾನು ಎರಡು ಕಡೆ ದುಡಿಯುತ್ತದೆ.

ಕೊಳ್ಳುವಾಗ ಅಳತೆ ಮುಖ್ಯ. 80 ಸೆಂ.ಮೀ.ದು ಒಬ್ಬರ ಮುಖಕ್ಕೆ ಸರಿ, ಜೋಡಿಗೆ ಸಾಲದು. 110 ಹದವಾದದ್ದು, ಮಡಚಿದರೆ ಅದರ ಮೂರನೇ ಒಂದು ಪಾಲಿನಷ್ಟು ಆಗುತ್ತದೆ. ಅದಕ್ಕೂ ದೊಡ್ಡ ಮೊಟ್ಟೆಯಾಕಾರದವು ನಿಂತ ಜೋಡಿಗೆ ಸೊಂಟದವರೆಗೂ ನೆರಳು ಕೊಡುತ್ತವೆ, ಆದರೆ ಹಿಡಿಯಲು ಇಬ್ಬರು ಬೇಕು. ಅಂಗಡಿಯಲ್ಲೇ ಝಿಪ್ ಪೂರ್ತಿ ಎಳೆದು ನೋಡಿ, ಇದರಲ್ಲಿ ಮೊದಲು ಕೈಕೊಡುವುದು ಅದೇ. ಗವಸು ಕಳಚಿ ಒಳಗಿನ ಬಟ್ಟೆಯನ್ನು ಬಿಳಿ ಹಾಳೆಯ ಮೇಲೆ ಹಿಡಿದು ನೋಡಿ. ಹಳದಿ ಅಥವಾ ನೀಲಿ ಛಾಯೆ ಕಂಡರೆ ಅದು ಪ್ರತಿ ಮುಖಕ್ಕೂ ಇಳಿಯುತ್ತದೆ. ಚೆನ್ನಾಗಿರುವ ಬಟ್ಟೆಯೂ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. ಹಾಗಾಗಿ ಜಾಗ ಬದಲಿಸಿದಾಗಲೆಲ್ಲ ಬಟ್ಟೆಯ ಕೆಳಗೆ ಗ್ರೇ ಕಾರ್ಡ್ (ಬಣ್ಣದ ಹದ ಸರಿ ಮಾಡಲು ಬಳಸುವ ಬೂದು ಬಣ್ಣದ ಕಾರ್ಡ್) ಹಿಡಿದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಎಡಿಟ್ ಮಾಡುವಾಗ ಮೊದಲ ಕ್ಲಿಕ್ ಅದರ ಮೇಲೆ.