ಗುಂಪಿನಲ್ಲಿ ಕೆಲಸ ಕಲಿಯೋದಾ, ಒಬ್ಬರೇನಾ?

ಸ್ಕಿಜೋಫ್ರೇನಿಯಾದಂಥ ವರ್ಷಗಟ್ಟಲೆ ಕಾಡುವ ಮಾನಸಿಕ ಕಾಯಿಲೆ ಇಟ್ಟುಕೊಂಡು ಮತ್ತೆ ಕೆಲಸಕ್ಕೆ ಹೋಗಬೇಕು ಅಂದರೆ ಮುಖ್ಯವಾಗಿ ಎರಡು ದಾರಿ: ಗುಂಪಿನಲ್ಲಿ ಕಲಿಯುವುದು, ಇಲ್ಲವೇ ಒಬ್ಬರೇ ಕಲಿಯುವುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬೇಕರಿ, ಬಡಗಿ ಕೆಲಸದಂಥ ವಿಭಾಗಗಳಿವೆ, ಗುಂಪಿನಲ್ಲೇ ಕಲಿಕೆ. ಒಬ್ಬರು ಹಿಟ್ಟು ತೂಗಿ ಕೊಟ್ಟರೆ ಇನ್ನೊಬ್ಬರು ನಾದಬೇಕು, ಹಾಗಾಗಿ ಹೊತ್ತಿಗೆ ಸರಿಯಾಗಿ ಬರುವುದು, ಪಕ್ಕದವರ ಜೊತೆ ಹೊಂದಿಕೊಳ್ಳುವುದು, ಸುಸ್ತಾದರೆ ಬಾಯಿಬಿಟ್ಟು ಹೇಳುವುದು ಎಲ್ಲ ನಿಧಾನಕ್ಕೆ ರೂಢಿಯಾಗುತ್ತದೆ. ನೀವೊಬ್ಬರೇ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡೋಕೆ ಅಭ್ಯಾಸ ಮಾಡಿಸುವ ತಜ್ಞರು) ಹತ್ತಿರ ಹೋದರೆ ನಿಮ್ಮ ಕೆಲಸಕ್ಕೆ, ನಿಮ್ಮ ವೇಗಕ್ಕೆ ತಕ್ಕ ಅಭ್ಯಾಸ. ಖರ್ಚು ಜಾಸ್ತಿ ಆಗಬಹುದು. ಜನರ ನಡುವೆ ಕೂರೋಕೇ ಭಯ ಅನ್ನುವವರು ಇಲ್ಲಿಂದ ಶುರು ಮಾಡಲಿ, ಮನೆಯಲ್ಲಿ ಸುಮ್ನೆ ಮುದುಡಿ ಕೂತವರಿಗೆ ನಾನಂತೂ ಗುಂಪೇ ಅನ್ನುತ್ತೇನೆ. ಅಂದಹಾಗೆ, ಸರ್ಕಾರಿ ನೌಕರರು ಅವಸರದಲ್ಲಿ ರಾಜೀನಾಮೆ ಕೊಡಬೇಡಿ: ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂತು ಅಂತ ಕೆಲಸದಿಂದ ತೆಗೆಯಬಾರದು ಅನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಮಾನಸಿಕ ಕಾಯಿಲೆಯೂ ಅದರ ಪಟ್ಟಿಯಲ್ಲಿದೆ.